ಸರ್ಕಾರಿ ತೇಗು

ಮಂಗರದೊಡ್ಡಿ ವಿದ್ಯುತ್ ಸ್ಥಾವರದ ಹೊಗೆಯಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ಸರ್ಕಾರವು ವಿಧಿವತ್ತಾಗಿ ಹಿಡಿದದ್ದು ರಾಮನಗರ ಜಿಲ್ಲೆಯಾದ ಮಾರನೆಯ ವರ್ಷ, ಒಂದು ಶುಕ್ರವಾರ, ರಾಹುಕಾಲ ಕಳೆದ ಮೇಲೆ. ಹಿಡಿದ ಅನಿಲವನ್ನು ಎಲ್ಲಿ ಇಡಬೇಕೆಂಬುದು ಯೋಜನೆಯ ಎರಡನೆಯ ಹಂತದಲ್ಲಿತ್ತು. ಎರಡನೆಯ ಹಂತಕ್ಕೆ ಮಂಜೂರಾತಿ ಸಿಕ್ಕಿರಲಿಲ್ಲ.

ಸ್ಥಾವರದಲ್ಲಿ ಭತ್ತದ ಹೊಟ್ಟು, ತೆಂಗಿನ ಚಿಪ್ಪು ಮತ್ತು ಒಂದಿಷ್ಟು ಕಲ್ಲಿದ್ದಲು ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಎರಡು ಗೋಪುರಗಳನ್ನು ಕಟ್ಟಲಾಯಿತು. ಮೊದಲನೆಯ ಗೋಪುರದಲ್ಲಿ ಹೊಗೆ ಕೆಳಗಿನಿಂದ ಹತ್ತುತ್ತದೆ, ಒಂದು ಬಗೆಯ ದ್ರವ ಮೇಲಿನಿಂದ ಇಳಿಯುತ್ತದೆ. ದಾರಿಯಲ್ಲಿ ಎದುರಾದಾಗ ದ್ರವವು ಹೊಗೆಯಿಂದ ಆ ಅನಿಲವನ್ನಷ್ಟೇ ಹೀರಿಕೊಳ್ಳುತ್ತದೆ. ಎರಡನೆಯ ಗೋಪುರದಲ್ಲಿ ಆ ದ್ರವವನ್ನು ಕಾಯಿಸಿದರೆ ಹೀರಿದ್ದನ್ನು ಬಿಟ್ಟುಕೊಡುತ್ತದೆ. ಉದ್ಘಾಟನೆಯ ದಿನ ಇದನ್ನು ಕೇಳಿದ ರೈತರು, "ಅಂದ್ರೆ ನಮ್ ತಾಲ್ಲೂಕಾಪೀಸ್ ಇದ್ದಂಗೆ. ನುಂಗ್ಕಂಡಿದ್ದನ್ನ ಬೆಚ್ಚಗೆ ಮಾಡಿದ್ರೆ ಬುಡ್ತದೆ" ಎಂದು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು. ಬೆಂಗಳೂರಿನಿಂದ ಬಂದಿದ್ದ ತಜ್ಞರಿಗೆ ಇದರಿಂದ ಸಂತೋಷವಾಯಿತು.

ಗೋಪುರಗಳಿಗೆ ಸಾಕಷ್ಟು ವಿದ್ಯುತ್ ಬೇಕಾಗುತ್ತಿತ್ತು. ಸ್ಥಾವರ ತಯಾರಿಸಿದ್ದರಲ್ಲಿ ಬಹುಪಾಲು ಗೋಪುರಗಳಿಗೇ ಹೋಗಿ, ಉಳಿದದ್ದು ಕಚೇರಿಯ ಫ್ಯಾನುಗಳಿಗೆ ಸಾಕಾಗುತ್ತಿತ್ತು. ಹಿಡಿದ ಅನಿಲದ ತೂಕಕ್ಕೆ ತಕ್ಕಂತೆ ಸ್ಥಾವರದ ಮಾಲೀಕರಿಗೆ ಪ್ರೋತ್ಸಾಹಧನ ಸಲ್ಲುತ್ತಿದ್ದುದರಿಂದ ಅವರು ಕರೆಂಟು ಯಾರಿಗೂ ಬೇಡದ ಹೊತ್ತಿನಲ್ಲೂ ಹೊಟ್ಟು ಉರಿಸತೊಡಗಿದರು. ಹೊಗೆ ಹೆಚ್ಚಿತು. ಹಿಡಿಯುವುದೂ ಹೆಚ್ಚಿತು. ಯೋಜನೆ ನಿರೀಕ್ಷೆಗೂ ಮೀರಿ ಯಶಸ್ವಿಯಾಯಿತು.

ಇದನ್ನೆಲ್ಲ ನೋಡಿಕೊಳ್ಳಲು ರಾಮನಗರದಲ್ಲಿ 'ಜಿಲ್ಲಾ ಅನಿಲ ಹಿಡುವಳಿ ಕೋಶ' ತೆರೆಯಲಾಗಿತ್ತು. ಬೋರ್ಡಿನಲ್ಲಿ ಹಿಡುವಳಿ ಎಂಬ ಮಾತು ಕಂಡ ಜನ ಪಹಣಿ ತಿದ್ದಿಸಲು ಸಾಲುಗಟ್ಟಿದರು. ಕೋಶದವರು ಬೇಸರಿಸದೆ ಅರ್ಜಿಗಳನ್ನು ತೆಗೆದುಕೊಂಡರು. ಅವು ಈಗಲೂ ಪರಿಶೀಲನೆಯಲ್ಲಿವೆ.

ಚನ್ನಪಟ್ಟಣದ ಗೋಲಿಸೋಡಾ ಗೌಸ್‌ಗೂ ಈ ಕೋಶಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸಂಬಂಧ ಕುದುರಿದ್ದು ಕೋಶದ ಎಂಜಿನಿಯರ್ ನಟರಾಜು ಅವರ ಹೊಟ್ಟೆಯುರಿಯಿಂದ. ಹೊಟ್ಟೆಯುರಿಯೆಂದರೆ ಅಸೂಯೆಯಲ್ಲ. ಊಟ ಮಾಡಿದರೂ ಮಾಡದಿದ್ದರೂ ಎದೆಗೇರುವ ನಿಜವಾದ ಉರಿ.

ಗೌಸ್‌ನ ಅಂಗಡಿ ಮೈಸೂರು ರಸ್ತೆಗೆ ಮುಖ ಮಾಡಿತ್ತು. 'ವಜೀರಾ ಸೋಡಾ ಫ್ಯಾಕ್ಟರಿ' ಎಂದು ತಾಯಿಯ ಹೆಸರಿನ ಬೋರ್ಡು. ಫ್ಯಾಕ್ಟರಿಯೆಂದರೆ ಒಂದು ಕೋಣೆ, ಸೀಸೆಗಳನ್ನು ಕೂರಿಸಿ ಕೈಯಲ್ಲಿ ತಿರುಗಿಸುವ ಒಂದು ಯಂತ್ರ, ಮುಂದುಗಡೆ ಒಂದು ಕಲ್ಲುಬೆಂಚು. ಹೆದ್ದಾರಿಯುದ್ದಕ್ಕೂ ತಣ್ಣನೆಯ ಪೆಟ್ಟಿಗೆಗಳು ಬಂದು, ಅವುಗಳೊಳಗೆ ಪ್ಲಾಸ್ಟಿಕ್ ಬಾಟಲಿಯ ಕರಿನೀರು ಕೂತ ಮೇಲೆ ಗೌಸ್‌ನ ವ್ಯಾಪಾರ ಬಡವಾಗಿತ್ತು. ಕಾರಿನವರು ನಿಲ್ಲುತ್ತಿರಲಿಲ್ಲ. ಉಳಿದಿದ್ದವರು ಗ್ಯಾಸ್ಟ್ರಿಕ್ಕಿನವರು. ಅವರಲ್ಲಿ ಮೊದಲನೆಯವನು ರಾಮಲಿಂಗಯ್ಯ.

ರಾಮಲಿಂಗಯ್ಯನದು ಊರಾಚೆ ಹಿಪ್ಪುನೇರಳೆ ತೋಟ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿ ಬರುವಾಗ, ಹಾಕದೆ ಇದ್ದ ದಿನ ಸುಮ್ಮನೆ, ಈ ಬೆಂಚಿನ ಮೇಲೆ ಬಂದು ಕೂರುವನು. ಗೌಸ್ ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ, ಬೊಂಬೆ ಮಾಡುವ ಸಾದಿಕ್ ಕಡೆದುಕೊಟ್ಟಿದ್ದ ಕೆಂಪು ಅರಗು ಬಳಿದ ಮರದ ಒತ್ತುಗುಂಡಿನಿಂದ ಗೋಲಿಯನ್ನು ಒಳಕ್ಕೆ ಒತ್ತಿ 'ಕೀಂಯ್' ಅನ್ನಿಸಿ ಕೊಡುವನು. ರಾಮಲಿಂಗಯ್ಯ ಒಂದೇ ಗುಕ್ಕಿಗೆ ಕುಡಿದು, ಕಣ್ಣು ಮುಚ್ಚಿ, ಎದೆಯುಬ್ಬಿಸಿ ತೇಗುವನು. ಅದು ಒಂದು ಅವಿಭಕ್ತ ಕುಟುಂಬಕ್ಕೆ ಸಾಲುವಷ್ಟು ದೊಡ್ಡ ತೇಗು. ರಸ್ತೆಯಾಚೆ ಕಟ್ಟಿದ್ದ ಎಮ್ಮೆಗಳು ತಲೆಯೆತ್ತಿ ನೋಡುತ್ತಿದ್ದವು. ಅದನ್ನು ಕೇಳಿದ ಮೇಲೆ ಗೌಸ್‌ಗೆ ತಾನು ಮಾಡುವ ಕೆಲಸಕ್ಕೆ ಒಂದು ಅರ್ಥವಿದೆ ಅನ್ನಿಸುತ್ತಿತ್ತು. ತಣ್ಣನೆಯ ಪೆಟ್ಟಿಗೆಯವರಿಗೆ ಇಂಥದ್ದೊಂದು ತೇಗು ಸಿಗಲಿ ನೋಡೋಣ, ಎಂದುಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ನಟರಾಜು ಜೀಪು ನಿಲ್ಲಿಸಿ ಬೆಂಚಿನ ಮೇಲೆ ಕುಸಿದು ಕುಳಿತರು. ಬಾಡಿಗೆಗೆ ತಂದಿದ್ದ ಸಿಲಿಂಡರುಗಳೆಲ್ಲ ತುಂಬಿಹೋಗಿದ್ದವು. ಹಿಡಿದ ಅನಿಲ ದಾಸ್ತಾನಿಗೆ ಸೇರಿದ್ದರಿಂದ ಅದು ಸರ್ಕಾರಿ ಸ್ವತ್ತು. ಗಾಳಿಗೆ ಬಿಟ್ಟರೆ ಸ್ವತ್ತಿನ ನಾಶ. ಬಿಡದಿದ್ದರೆ ಇಡಲು ಜಾಗವಿಲ್ಲ. ನಟರಾಜು ಎದೆ ತಿಕ್ಕಿಕೊಳ್ಳುತ್ತ ಸೋಡಾ ಕೇಳಿದರು. ಗೌಸ್ ಗೋಲಿ ಒತ್ತಿದ.

ಸೀಸೆ ಬಾಯಿಗಿಡಬೇಕೆಂದಿದ್ದ ನಟರಾಜು ಅದನ್ನು ಹಾಗೇ ಹಿಡಿದು ನೋಡಿದರು.

"ಈ ಗೋಲಿಯನ್ನ ಒಳಗಡೆಯಿಂದ ಹಿಡಿದಿರೋದು ಯಾವುದಪ್ಪ?"

"ಗ್ಯಾಸೇ ಸಾರ್. ಒಳಗಿಂದ ಅದೇ ದಬ್ಬಿ ರಬ್ಬರಿಗೆ ಒತ್ತಿರ್ತದೆ."

"ಅಂದರೆ ಅನಿಲ ತನ್ನನ್ನ ತಾನೇ ಬೀಗ ಹಾಕ್ಕೊಂಡು ಕೂತಿದೆ."

"ಹೂಂ ಅನ್ನಿ."

"ಎಷ್ಟು ದಿನ ಕೂತಿರುತ್ತೆ?"

"ನೀವು ಗೋಲಿ ಒತ್ತೋ ತನಕ."

"ಒತ್ತದೇ ಇದ್ದರೆ?"

ಗೌಸ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. "ಒತ್ತದೇ ಇರೋದಾದ್ರೆ ಸೋಡಾ ಯಾಕೆ ಸಾರ್ ಮಾಡ್ಬೇಕು?"

ನಟರಾಜು ಸೋಡಾವನ್ನು ಒಂದೇ ಸಲಕ್ಕೆ ಕುಡಿದು ಸೀಸೆ ಕೆಳಗಿಟ್ಟರು. ಅವರ ಎದೆಯುರಿ ನಿಂತುಹೋಗಿತ್ತು. ಅದು ಸೋಡಾದಿಂದ ನಿಂತಿತೋ ಆಲೋಚನೆಯಿಂದ ನಿಂತಿತೋ ಎಂಬುದನ್ನು ಅವರು ಕಡೆಗೂ ಬೇರ್ಪಡಿಸಿ ಹೇಳಲಿಲ್ಲ.

ಆ ತಿಂಗಳೇ ಗೌಸ್‌ನನ್ನು ಜಿಲ್ಲೆಯ ತಾತ್ಕಾಲಿಕ ಅನಿಲ ಸಂಗ್ರಹಣಾ ಗುತ್ತಿಗೆದಾರನನ್ನಾಗಿ ನೇಮಿಸಲಾಯಿತು. ಮಂಗರದೊಡ್ಡಿಯಿಂದ ಅನಿಲ ಪುಕ್ಕಟೆ ಬರುವುದು, ಗೌಸ್ ಅದನ್ನು ಸೀಸೆಗೆ ತುಂಬುವುದು, ಜನ ಕೊಂಡು ಹೋಗುವುದು. ಬೋರ್ಡಿನ ಮೇಲೆ 'ಸರ್ಕಾರದ ಮಾನ್ಯತೆ ಪಡೆದಿದೆ' ಎಂದು ಬರೆಸಲಾಯಿತು. ಗೌಸ್‌ಗೆ ಹಿಗ್ಗು. ಅವನ ಹೆಂಡತಿ ಬಿಸ್ಮಿಲ್ಲಾಗೆ ಮಾತ್ರ ಸಮಾಧಾನವಿರಲಿಲ್ಲ.

"ಅಜೀ, ಸರ್ಕಾರ ಪುಕ್ಕಟೆ ಕೊಟ್ಟಿದ್ದನ್ನ ಒಂದಲ್ಲ ಒಂದು ದಿನ ವಾಪಸ್ ಕೇಳ್ತದೆ" ಅಂದಳು.

"ಕುಡಿದ ಸೋಡಾನ ಹೆಂಗೆ ವಾಪಸ್ ಕೇಳ್ತಾರೆ, ಹುಚ್ಚಿ?" ಎಂದು ಗೌಸ್ ನಕ್ಕ.

ಮೊದಮೊದಲು ಸೋಡಾದಲ್ಲಿ ಮೀನಿನ ವಾಸನೆ ಬರುತ್ತಿತ್ತು. ಅದು ಹೊಗೆ ತೊಳೆಯುವ ದ್ರವದ ವಾಸನೆ. ಪೇಟೆಯ ಬೆಕ್ಕುಗಳೆಲ್ಲ ಬಂದು ಬೆಂಚಿನ ಕೆಳಗೆ ಗಂಭೀರವಾಗಿ ಕುಳಿತವು. ರಾಮಲಿಂಗಯ್ಯ ಮೂಸಿ ನೋಡಿ ಸೀಸೆ ಕೆಳಗಿಟ್ಟ.

"ಏನ್ಲಾ ಗೌಸು, ಇವತ್ತು ಸೋಮವಾರ ಕಣ್ಲಾ. ಮೀನ್ ವಾಸ್ನೆ ಬತ್ತೈತಲ್ಲ?"

"ಮೀನಲ್ಲ ಕಣಣ್ಣ, ಹೊಗೇದು."

"ಹೊಗೆ ಯಾವ ಮೀನ್ ತಿಂದಿತ್ತೋ!" ಅಂದು ಒಸಿ ಉಪ್ಪು ಜಾಸ್ತಿ ಹಾಕಿಸಿಕೊಂಡು ಕುಡಿದ. ತೇಗು ಎಂದಿನಂತೆಯೇ ಬಂತು. ವಾಸನೆ ಕ್ರಮೇಣ ಹೋಯಿತು. ಬೆಕ್ಕುಗಳು ಕೂಡ ಹೋದವು. ವ್ಯಾಪಾರ ಚಿಗುರಿತು. ಸರ್ಕಾರವೇ ತುಂಬಿದ ಸೋಡಾ ಎಂದು ಮಾಗಡಿಯಿಂದ, ಕನಕಪುರದಿಂದ ಜನ ಬಂದು ಕುಡಿದು ಹೋದರು. ಸಾವನದುರ್ಗ ಹತ್ತಿ ಇಳಿದವರು ನೇರ ಇಲ್ಲಿಗೇ ಬರತೊಡಗಿದರು. ಗೌಸ್ ಯಂತ್ರಕ್ಕೆ ಹೊಸ ಬಣ್ಣ ಹೊಡೆಸಿದ.

ಆಮೇಲೆ ಆಡಿಟ್ ಬಂತು.

ಲೆಕ್ಕ ಪರಿಶೋಧಕರು ಬೆಂಚಿನ ಮೇಲೆ ಕುಳಿತು ಒಂದು ಸೋಡಾ ಕುಡಿದರು, ಇನ್ನೊಂದು ಕುಡಿದರು, ಖಾಲಿ ಸೀಸೆಯೊಳಗೆ ಇಣುಕಿ ನೋಡಿದರು. "ಇದರಲ್ಲಿ ದಾಸ್ತಾನಿದ್ದ ಅನಿಲ ಎಲ್ಲಿ?" ಎಂದು ಆಕ್ಷೇಪಣೆ ಬರೆದರು.

ನಟರಾಜು ಬೆವರುತ್ತ ಅಂಗಡಿಗೆ ಓಡಿ ಬಂದರು. ಎದೆಯುರಿ ಮರಳಿತ್ತು.

"ಏನಪ್ಪಾ ಉತ್ತರ ಕೊಡೋದು? ಗೋಲಿ ಒತ್ತಿದ ತಕ್ಷಣ ಸರ್ಕಾರದ ಸ್ವತ್ತು ಗಾಳಿಗೆ ಹೋಯಿತು ಅಂತ ಬರೆದಿದ್ದಾರೆ."

ಗೌಸ್‌ಗೆ ಅವರ ಮುಖ ನೋಡಿ ಅಯ್ಯೋ ಅನ್ನಿಸಿತು. ಸಹಾಯ ಮಾಡಲೆಂದೇ ಹೇಳಿದ: "ಗಾಳಿಗೆ ಎಲ್ಲೋಯ್ತು ಸಾರ್? ಒತ್ತಿದಾಗ ಒಂಚೂರು ಹೋಗ್ತದೆ, ನಿಜ. ಉಳಿದಿದ್ದೆಲ್ಲ ಕುಡಿದೋರ ಹೊಟ್ಟೇಲೇ ಇರ್ತದಲ್ಲ."

ನಟರಾಜು ಎರಡೂ ಕೈಯಿಂದ ಗೌಸ್‌ನ ಕೈ ಹಿಡಿದುಕೊಂಡರು. ಆ ಒಂದು ಮಾತನ್ನು ಆಡದೆ ಇದ್ದಿದ್ದರೆ ಎಂದು ಗೌಸ್ ಮುಂದೆ ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡದ್ದುಂಟು. ವಾರದೊಳಗೆ ಅಂಗಡಿಯ ಗೋಡೆಗೆ ಪ್ರಕಟಣೆ ಅಂಟಿತು.

"ಸಾರ್ವಜನಿಕರ ಗಮನಕ್ಕೆ. ಗೋಲಿಸೋಡಾ ಸೇವಿಸಿದ ವ್ಯಕ್ತಿಯ ಉದರವನ್ನು ಈ ದಿನದಿಂದ ತಾತ್ಕಾಲಿಕ ಅನಿಲ ಉಗ್ರಾಣವೆಂದು ಘೋಷಿಸಲಾಗಿದೆ. ಸದರಿ ಉಗ್ರಾಣದ ಬಾಯಿಂದ ಅನಿಲವು ಹೊರಹೋದಲ್ಲಿ ಅದನ್ನು ಸೋರಿಕೆಯೆಂದು ಪರಿಗಣಿಸಲಾಗುವುದು. ಸದ್ದು ಬಂದರೂ ಬಾರದಿದ್ದರೂ ಸೋರಿಕೆಯು ಸೋರಿಕೆಯೇ. ಬಾಯಿಗೆ ಕೈ ಅಡ್ಡ ಹಿಡಿದವರಿಗೆ ವಿನಾಯಿತಿ ಇರುವುದಿಲ್ಲ. ಹಾಲು ಕುಡಿದ ಹಸುಗೂಸಿನ ಬೆನ್ನು ತಟ್ಟುವ ತಾಯಂದಿರಿಗೆ ಈ ನಿಯಮ ಅನ್ವಯಿಸತಕ್ಕದ್ದಲ್ಲ. ಆದರೆ ಸೋಡಾ ಕುಡಿದ ವಯಸ್ಕರ ಬೆನ್ನು ತಟ್ಟುವುದನ್ನು ದುಷ್ಪ್ರೇರಣೆ ಎಂದು ತಿಳಿಯತಕ್ಕದ್ದು."

ಗೌಸ್ ಎರಡು ಸಲ ಓದಿಸಿಕೊಂಡು ಕೇಳಿದ. "ಸಾರ್, ಬಾಯಿಂದ ಅಂತ ಬರ್ದಿದೆ. ಕೆಳಗಿಂದ ಹೋದ್ರೆ?"

"ಅದು ಬೇರೆ ಅನಿಲ" ಎಂದರು ನಟರಾಜು. "ಅದಕ್ಕೆ ಇನ್ನೂ ಇಲಾಖೆ ಆಗಿಲ್ಲ."

ನಿಯಮ ಮಾಡಿದ ಮೇಲೆ ಅದನ್ನು ಕಾಯುವವರು ಬೇಕು. ಲತಾಮಣಿ ಎಂಬ ಹೆಣ್ಣುಮಗಳು ಸೋರಿಕೆ ವೀಕ್ಷಕಿಯಾಗಿ ಬಂದಳು. ತಹಶೀಲ್ದಾರಳಾಗಬೇಕೆಂದು ಪರೀಕ್ಷೆ ಬರೆದವಳಿಗೆ ಈ ಹುದ್ದೆ ಸಿಕ್ಕಿತ್ತು. ತೇಗು, ಬಿಕ್ಕಳಿಕೆ, ಆಕಳಿಕೆ, ನಿಟ್ಟುಸಿರು ಇವುಗಳನ್ನು ಬೇರ್ಪಡಿಸಿ ಗುರುತಿಸಲು ಬೆಂಗಳೂರಿನಲ್ಲಿ ತರಬೇತಿ ಪಡೆದಿದ್ದಳು. ಬೆಂಚಿನ ಎದುರು ಸ್ಟೂಲು ಹಾಕಿಕೊಂಡು ಕುಡಿಯುವವರ ಗಂಟಲನ್ನೇ ದಿಟ್ಟಿಸುತ್ತ ಕೂರುವಳು. ಒಳ್ಳೆಯ ಹುಡುಗಿ. ಬಿಸ್ಮಿಲ್ಲಾ ಕೊಟ್ಟ ಟೀ ಕುಡಿಯುತ್ತಿದ್ದಳು, ಸೋಡಾ ಮಾತ್ರ ಮುಟ್ಟುತ್ತಿರಲಿಲ್ಲ. ಕರ್ತವ್ಯದಲ್ಲಿರುವಾಗ ತಾನೇ ಉಗ್ರಾಣವಾಗುವುದು ಸರಿಯಲ್ಲವೆಂದು ಅವಳ ಅಭಿಪ್ರಾಯ.

ಮಾರನೆಯ ದಿನ ರಾಮಲಿಂಗಯ್ಯ ಬಂದ. ಪ್ರಕಟಣೆಯನ್ನು ಅವನು ಓದಿರಲಿಲ್ಲ. ಗೋಡೆಗೆ ಅಂಟಿಸಿದ ಸರ್ಕಾರಿ ಕಾಗದಗಳನ್ನು ಓದುವ ಅಭ್ಯಾಸ ಆ ಸೀಮೆಯಲ್ಲಿ ಯಾರಿಗೂ ಇರಲಿಲ್ಲ. ಗೌಸ್ ಗೋಲಿ ಒತ್ತಿಕೊಡುತ್ತ, "ಅಣ್ಣ, ಇವತ್ತು ಒಸಿ ತಡ್ಕಳಣ್ಣ" ಎಂದು ಕಣ್ಣು ಮಿಟುಕಿಸಿದ.

"ಏನ್ನ ತಡ್ಕಳನ್ಲಾ?" ಎಂದು ರಾಮಲಿಂಗಯ್ಯ ಗಟಗಟ ಕುಡಿದ. ಕಣ್ಣು ಮುಚ್ಚಿದ. ಎದೆಯುಬ್ಬಿತು.

ಎಮ್ಮೆಗಳು ತಲೆಯೆತ್ತಿದವು.

ಲತಾಮಣಿ ಎದ್ದು ನಿಂತು ಬಹಳ ವಿನಯದಿಂದ, "ಯಜಮಾನರೇ, ತಮ್ಮಲ್ಲಿ ಸೋರಿಕೆ ಕಂಡುಬಂದಿದೆ" ಅಂದಳು. ರಾಮಲಿಂಗಯ್ಯ ಗಾಬರಿಯಾಗಿ ಪಂಚೆ ಮುಟ್ಟಿ ನೋಡಿಕೊಂಡ.

ಸ್ಥಳದಲ್ಲೇ ಮಹಜರು ನಡೆಯಿತು. ಗುತ್ತಿಗೆಯ ಷರತ್ತಿನ ಪ್ರಕಾರ ಅಂಗಡಿಯವನೇ ಸಾಕ್ಷಿ. ಗೌಸ್‌ಗೆ ಕೈ ಓಡಲಿಲ್ಲ. ರಾಮಲಿಂಗಯ್ಯನೇ ನಗುತ್ತ, "ಹಾಕ್ಲಾ ರುಜುವ. ತೇಗಿದ್ದಕ್ಕೆ ನೇಣ್ ಹಾಕ್ತಾರಾ?" ಅಂದ. ಗೌಸ್ ರುಜು ಹಾಕಿದ.

ವಿಚಾರಣೆ ರಾಮನಗರದ ಕೋಶದಲ್ಲಿ. ಸಮಿತಿಯಲ್ಲಿ ನಟರಾಜು, ಒಬ್ಬ ವೈದ್ಯರು ಮತ್ತು ಸದ್ದಿನ ವಿಷಯದಲ್ಲಿ ಅಭಿಪ್ರಾಯ ಹೇಳಲು ನಾದಸ್ವರದ ಅಂಕಯ್ಯನವರು ಇದ್ದರು. ಲತಾಮಣಿ ತೇಗಿನ ವರದಿ ಓದಿದಳು. ವೈದ್ಯರು ಉದರ ಎಂದರೆ ಏನೆಂದು ವಿವರಿಸಿದರು. ಅಂಕಯ್ಯನವರು ಸದರಿ ತೇಗನ್ನು ತಾವು ಹಿಂದೆ ರಸ್ತೆಯಲ್ಲಿ ಹೋಗುವಾಗ ಕೇಳಿರುವುದಾಗಿಯೂ, ಅದು ಮಂದ್ರದಲ್ಲಿ ಹುಟ್ಟಿ ತಾರಕ್ಕೆ ಏರಿ ಮತ್ತೆ ಷಡ್ಜದಲ್ಲೇ ನಿಲ್ಲುವುದಾಗಿಯೂ, ಇಷ್ಟು ಉಸಿರಿರುವವನು ಕಸುಬಿಗೆ ಬರಲಿಲ್ಲವಲ್ಲ ಎಂದು ತಮಗೆ ದುಃಖವಿರುವುದಾಗಿಯೂ ಹೇಳಿದರು.

"ನಿಮ್ಮ ಹೇಳಿಕೆ ಏನು?" ಎಂದರು ನಟರಾಜು.

ರಾಮಲಿಂಗಯ್ಯ ಹೆಗಲ ಟವಲು ಸರಿಮಾಡಿಕೊಂಡ. "ಸ್ವಾಮಿ, ಅವತ್ತು ಬೆಳಿಗ್ಗೆ ಮುದ್ದೆ, ಉರುಳಿಕಾಳು ಬಸ್ಸಾರು ಉಂಡಿದ್ದೆ. ಆ ತೇಗು ಅದ್ರುದು. ನಮ್ಮೊಲದ ರಾಗಿ, ನಮ್ಮೊಲದ ಉರುಳಿ. ಅದು ನನ್ ಸ್ವಂತ ತೇಗು. ಸರ್ಕಾರ್ದ್ದಲ್ಲ."

ಈ ಅಂಶವನ್ನು ಯಾರೂ ಯೋಚಿಸಿರಲಿಲ್ಲ.

"ಸ್ವಂತದ್ದು ಎನ್ನುವುದಕ್ಕೆ ದಾಖಲೆ ಇದೆಯೇ?"

"ತೇಗಿಗೆ ಎಲ್ಲಿಂದ ತರ್ಲಿ ಸ್ವಾಮಿ ಪಹಣಿಯ? ಅದನ್ನೂ ನೀವೇ ಕೊಡ್ಬೇಕು. ನನ್ ಅರ್ಜಿ ನಿಮ್ಮತ್ರಾನೇ ಐತೆ."

ನಟರಾಜು ಗೌಸ್‌ನ ಕಡೆ ತಿರುಗಿದರು. "ನೀನು ಹೇಳಪ್ಪ. ತೇಗು ಬಂದದ್ದು ಸೋಡಾ ಕುಡಿಯುವ ಮೊದಲೋ, ಕುಡಿದ ಮೇಲೋ?"

ಮೊದಲು ಎಂದುಬಿಟ್ಟರೆ ಮುಗಿಯುತ್ತಿತ್ತು. ಗೌಸ್‌ನ ಬಾಯಿಗೆ ಆ ಮಾತು ಬಂದೂ ಇತ್ತು. ಆದರೆ ಹೊಸ ಬಣ್ಣದ ಯಂತ್ರ ಕಣ್ಣ ಮುಂದೆ ಬಂತು, ಮಾನ್ಯತೆಯ ಬೋರ್ಡು ಬಂತು, ಕಾರು ನಿಲ್ಲಿಸಿ ಇಳಿಯುವ ಜನ ಬಂದರು.

"ಕುಡಿದ ಮೇಲೆ ಸಾರ್" ಅಂದ.

ರಾಮಲಿಂಗಯ್ಯ ಅವನ ಕಡೆ ಒಮ್ಮೆ ನೋಡಿದ. ಬೈಯಲಿಲ್ಲ. ಟವಲಿನಿಂದ ಬಾಯೊರೆಸಿಕೊಂಡ.

ಸರ್ಕಾರಿ ಅನಿಲವೂ ಖಾಸಗಿ ಅನಿಲವೂ ಒಂದೇ ಹೊಟ್ಟೆಯಲ್ಲಿ ಬೆರೆತಾಗ ಬೇರ್ಪಡಿಸುವುದು ಸಾಧ್ಯವಿಲ್ಲವಾದ್ದರಿಂದ ಸೋಡಾ ಕುಡಿದವನ ತೇಗೆಲ್ಲವೂ ಸರ್ಕಾರಿ ತೇಗೇ ಎಂದು ತೀರ್ಪಾಯಿತು. ರಾಮಲಿಂಗಯ್ಯನಿಗೆ ದಂಡವನ್ನೇನೂ ಹಾಕಲಿಲ್ಲ. ಕೋಶ ಅಷ್ಟು ಕ್ರೂರವಲ್ಲ. ಉಸಿರು ಹಿಡಿಯುವ ತರಬೇತಿಗೆ ಕಳಿಸಿ, ಅವನ ಹೆಸರನ್ನು ಗೂಡಿನ ಮಾರುಕಟ್ಟೆಯಲ್ಲಿ ಅಂದಂದಿನ ಧಾರಣೆ ಬರೆಯುವ ಹಲಗೆಯ ಪಕ್ಕ 'ಸೋರಿಕೆದಾರರು' ಎಂಬ ಹಲಗೆ ಹಾಕಿ ಬರೆಸಿದರು, ಅಷ್ಟೇ.

ಆ ಹಲಗೆಯಲ್ಲಿ ಅವನದೊಂದೇ ಹೆಸರು. ಗೂಡು ತೂಗಿಸಲು ಹೋದರೆ ನೂಲು ತೆಗೆಯುವ ರೀಲರುಗಳು, "ಏನ್ ರಾಮಲಿಂಗಣ್ಣ, ಇವತ್ತೆಂಗೆ, ಸೋರ್ತಾ ಇದ್ಯಾ?" ಎನ್ನುವರು. ಗೂಡಿನ ಕಾಯಿಲೆಯಿಂದ ಹಿಡಿದು ಮದುವೆ ಸಂಬಂಧದವರೆಗೆ ಸುತ್ತಲಿನ ಜನ ಅವನ ಮಾತು ಕೇಳಿ ನಡೆಯುತ್ತಿದ್ದರು. ಈಗ ಪಂಚಾಯ್ತಿಗೆ ಬಾಯಿ ತೆಗೆದರೆ ಸಾಕು, ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದು ಕಾಯುವರು. ರಾಮಲಿಂಗಯ್ಯ ಮಾರುಕಟ್ಟೆಗೆ ಹೋಗುವುದನ್ನು ಬಿಟ್ಟ. ಬೆಂಚಿಗೆ ಬರುವುದನ್ನಂತೂ ಅವತ್ತೇ ಬಿಟ್ಟಿದ್ದ.

ಗೌಸ್‌ನ ಅಂಗಡಿ ಅದರ ಪಾಡಿಗೆ ನಡೆಯುತ್ತಿತ್ತು. ಜನ ಕುಡಿದು, ಕೆನ್ನೆ ಊದಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಲತಾಮಣಿಗೆ ಕೈಮುಗಿದು ಓಡುತ್ತಿದ್ದರು. ಒಂದು ತೇಗೂ ಕಿವಿಗೆ ಬೀಳದ ಆ ಬೆಂಚನ್ನು ನೋಡಿ ಗೌಸ್‌ಗೆ ಯಂತ್ರ ತಿರುಗಿಸುವುದೇ ಬೇಡವೆನ್ನಿಸುತ್ತಿತ್ತು.

ಒಂದು ದಿನ ರಾಮಲಿಂಗಯ್ಯನ ಹೆಂಡತಿ ಮಾಯಮ್ಮ ಬಂದಳು. ಬೆಂಚಿನ ಮೇಲೆ ಕೂರಲಿಲ್ಲ. ಬಿಸ್ಮಿಲ್ಲಾಳ ಹತ್ತಿರ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಗೌಸಣ್ಣ, ನಿಮ್ಮಣ್ಣಂಗೆ ತೇಗು ನಿಂತೋಗೈತೆ."

"ನಿಂತೋಗದು ಅಂದ್ರೆ?"

"ಬರ್ನೇ ಇಲ್ಲ. ಆ ತರಬೇತಿಗೆ ಓಗಿ ಬಂದಾಗಿಂದ ಗಂಟ್ಲತಂಕ ಬತ್ತದೆ, ವಾಪಸ್ ಓಯ್ತದೆ. ಒಟ್ಟೆ ತಮಟೆ ಆಗೈತೆ. ಓಮು ಕೊಟ್ಟೆ, ಇಂಗು ಕೊಟ್ಟೆ, ಡಾಕ್ಟ್ರು ಬಿಳೀ ಟಾನಿಕ್ ಕೊಟ್ರು. ಜಪ್ಪಯ್ಯ ಅಂದ್ರೂ ಬರಾಕಿಲ್ಲ ಅಂತೈತೆ. ಉಣ್ಣಾಕಿಲ್ಲ ಕಣಣ್ಣ. ಎರಡು ತುತ್ತಿಗೆ ಮ್ಯಾಕೆ ಎದ್ಬುಡ್ತಾರೆ."

ಬಿಸ್ಮಿಲ್ಲಾ ಗಂಡನನ್ನು ದುರುಗುಟ್ಟಿ ನೋಡಿದಳು. "ವಾಪಸ್ ಕೇಳಿದ್ರಲ್ಲ, ನೋಡಿ" ಅಂದಳು.

ಗೌಸ್ ಆಗಲೇ ಅಂಗಡಿ ಮುಚ್ಚಿ ಹೊರಟ. ರಾಮಲಿಂಗಯ್ಯ ಜಗುಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಆಳು ಇಳಿದುಹೋಗಿ ಹೊಟ್ಟೆಯೊಂದೇ ಉಳಿದಿತ್ತು.

"ಅಣ್ಣ" ಅಂದ ಗೌಸ್.

"ಓಗ್ಲಾ."

"ತಪ್ಪಾಯ್ತು ಕಣಣ್ಣ."

"ಅವ್ರು ಬರ್ಕಂಡಿದ್ದು ಬರ್ಕಂಡ್ರು, ಅದು ಅವ್ರ ಕಸುಬು. ನನ್ ತೇಗ್ನ ನಿನ್ ಬಾಯಲ್ಲಿ ಹಿಡ್ಸಿದ್ರಲ್ಲೋ ಗೌಸು." ರಾಮಲಿಂಗಯ್ಯ ಹೊರಳಲು ಹೋಗಿ ಹೊಟ್ಟೆ ಹಿಡಿದುಕೊಂಡ. "ಮೊದ್ಲು ಅಂತ ಒಂದ್ ಮಾತು ಅಂದಿದ್ರೆ ನಿನ್ ಗಂಟೇನು ಓಯ್ತಿತ್ತು?"

ಗೌಸ್ ಅಲ್ಲಿಂದ ನೇರ ರಾಮನಗರದ ಬಸ್ಸು ಹತ್ತಿ ಕೋಶಕ್ಕೆ ಹೋದ.

"ನನ್ಗೆ ಗುತ್ತಿಗೆ ಬೇಡ ಸಾರ್. ಬೋರ್ಡು, ಗ್ಯಾಸು, ಎಲ್ಲಾ ವಾಪಸ್ ತಗೊಳ್ಳಿ."

"ಬಿಡೋಕೆ ಬರೋದಿಲ್ಲ" ಎಂದರು ನಟರಾಜು ಕನಿಕರದಿಂದ. "ನೀನು ಕಾಗದದಲ್ಲಿ ನೌಕರ ಅಲ್ಲಪ್ಪ, ಉಗ್ರಾಣದ ಭಾಗ. ಉಗ್ರಾಣ ರಾಜೀನಾಮೆ ಕೊಡುವುದಕ್ಕೆ ನಿಯಮವಿಲ್ಲ."

"ಒಬ್ಬ ಮನುಷ್ಯ ಸಾಯ್ತಾ ಇದಾನೆ ಸಾರ್, ತೇಗು ಬರ್ದೆ!"

ನಟರಾಜು ತಲೆ ತಗ್ಗಿಸಿದರು. ಎದೆಯುರಿಯವರಿಗೆ ಆ ಸಂಕಟ ಗೊತ್ತಿಲ್ಲದ್ದೇನಲ್ಲ. ಅವರಾಗಿ ಯಾರಿಗೂ ಕೇಡು ಬಯಸಿದವರಲ್ಲ. ಅವರ ಮುಂದೆ ಬೆಂಗಳೂರಿನಿಂದ ಅದೇ ದಿನ ಬಂದಿದ್ದ ಸುತ್ತೋಲೆ ಬಿದ್ದಿತ್ತು. ಏನಾದರೂ ಹೇಳಬೇಕಲ್ಲ ಎಂದು ಅದನ್ನೇ ಗಟ್ಟಿಯಾಗಿ ಓದಿದರು. "ಇನ್ನು ಮುಂದೆ ಸೋರಿಕೆಯನ್ನು ಜಿಲ್ಲಾವಾರು ಲೆಕ್ಕ ಹಾಕತಕ್ಕದ್ದು. ಆಯಾ ಜಿಲ್ಲೆಯ ಗಡಿಯೊಳಗೆ..."

ಓದು ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸಾರ್" ಅಂದ ಗೌಸ್. "ನಮ್ಮಂಗಡಿಯಿಂದ ಗಡಿ ಎಷ್ಟು ದೂರ ಆಯ್ತದೆ? ಮದ್ದೂರಿನ ಕಡೆಗೆ?"

"ಬಸ್ಸಿನಲ್ಲಾದರೆ ಉಸಿರು ಕಟ್ಟಿ ಕೂರಬಹುದಾದಷ್ಟು" ಎಂದರು ನಟರಾಜು.

ಹೀಗೆ ಜಿಲ್ಲಾ ಅನಿಲ ಸಾಗಣೆ ಬಸ್ಸು ಆರಂಭವಾಯಿತು. ಬಾಡಿಗೆಯ ಹಳೆಯ ಬಸ್ಸು. ಅದರ ಹಿಂದಿನಿಂದ ಬರುವ ಕರಿಹೊಗೆಯ ಬಗ್ಗೆ ಲತಾಮಣಿ ಒಂದು ಟಿಪ್ಪಣಿ ಕಳಿಸಿದಳು. ಡೀಸೆಲ್ ಹೊಗೆಯು ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಉತ್ತರ ಬಂತು. ಜನ ಅಂಗಡಿಯಲ್ಲಿ ಸೋಡಾ ಕುಡಿದು ಬಸ್ಸು ಹತ್ತುವುದು, ಬಾಯಿ ಬಿಗಿಹಿಡಿದು ಗಡಿ ದಾಟುವುದು, ಅಲ್ಲಿ ಇಳಿದು ತೇಗುವುದು, ವಾಪಸ್ಸು ಬರುವುದು. ಪಕ್ಕದ ಜಿಲ್ಲೆಯವರು ಜಗಳಕ್ಕೆ ಬರಬಹುದೆಂದು ನಟರಾಜು ಹೆದರಿದ್ದರು. ಅವರು ಬಂದದ್ದು ಶಾಮಿಯಾನ ಹಾಕಿಕೊಂಡು. ತಮ್ಮಲ್ಲೂ ಎರಡು ಗೋಪುರ ಕಟ್ಟಿಸಬೇಕೆಂದು ಅವರು ಪ್ರಸ್ತಾವನೆ ಕಳಿಸಿದ್ದರಂತೆ. ಹಿಡಿಯುವಷ್ಟು ಅನಿಲ ನಿಮ್ಮಲ್ಲಿ ಎಲ್ಲಿದೆ ಎಂದು ಮೇಲಿನವರು ಕೇಳಿದ್ದರಂತೆ. ಬಂದವರನ್ನೆಲ್ಲ ಅವರು ನೆರಳಲ್ಲಿ ಕೂರಿಸಿ, ಕಡ್ಲೆಪುರಿ ಕೊಟ್ಟು, ನಿಧಾನವಾಗಿ ತೇಗಿಸಿಕೊಂಡರು.

ರಾಮಲಿಂಗಯ್ಯನನ್ನು ಬಸ್ಸು ಹತ್ತಿಸುವುದು ಸುಲಭವಾಗಲಿಲ್ಲ. ಗೌಸ್ ಮೂರು ಸಲ ಹೋಗಿ ಬೈಸಿಕೊಂಡು ಬಂದ. ನಾಲ್ಕನೆಯ ಸಲ ಬಿಸ್ಮಿಲ್ಲಾ ಹೋಗಿ, "ನೀವು ಬರ್ದೆ ಇದ್ರೆ ಇವ್ರು ಯಂತ್ರ ಮಾರ್ತಾರಂತೆ ಭಾಯಿಸಾಬ್, ಮಾರಿದ್ರೆ ನಮ್ಮ ಗತಿಯೇನು?" ಅಂದಳು. ರಾಮಲಿಂಗಯ್ಯ ಗೊಣಗುತ್ತ ಪಂಚೆ ಕಟ್ಟಿಕೊಂಡ.

ಬೆಂಚಿನ ಮೇಲೆ ಕೂತು ಸೋಡಾ ಕುಡಿದ. ಅವನ ಜೊತೆಗೆ ಗೌಸ್, ದಾರಿಯ ಸೋರಿಕೆ ಕಾಯಲು ಲತಾಮಣಿ, ಇಬ್ಬರೂ ಬಸ್ಸು ಹತ್ತಿದರು. ಬಸ್ಸಿನಲ್ಲಿ ಗ್ಯಾಸ್ಟ್ರಿಕ್ಕಿನವರು ತುಂಬಿದ್ದರು. ಎಲ್ಲರ ಕೆನ್ನೆಯೂ ಉಬ್ಬಿತ್ತು. ಮಾತಿಲ್ಲ. ಕಂಡಕ್ಟರನ ಕೆಲಸ ಮಾಡುತ್ತಿದ್ದ ತಿಮ್ಮಯ್ಯ ಕೈಸನ್ನೆಯಲ್ಲೇ ಸೀಟು ತೋರಿಸಿದ. ಗಡಿಕಲ್ಲು ದಾಟಿ ಬಸ್ಸು ನಿಂತದ್ದೇ ತಡ, ಜನ ದಬದಬನೆ ಇಳಿದು ಆಕಾಶಕ್ಕೆ ಮುಖ ಮಾಡಿದರು. ಆ ಸದ್ದಿಗೆ ಕಬ್ಬಿನ ಗದ್ದೆಯಿಂದ ಬೆಳ್ಳಕ್ಕಿಗಳು ಎದ್ದವು. ಶಾಮಿಯಾನದವರು ಕೈಮುಗಿದು ಬರಮಾಡಿಕೊಂಡರು.

ರಾಮಲಿಂಗಯ್ಯನಿಗೆ ಮಾತ್ರ ಬರಲಿಲ್ಲ.

ಎದೆಯುಬ್ಬಿಸಿದ. ಗಂಟಲತನಕ ಬಂದದ್ದು ವಾಪಸ್ಸು ಹೋಯಿತು. ಇನ್ನೊಂದು ಸಲ, ಮತ್ತೊಂದು ಸಲ. ಹಣೆಯಲ್ಲಿ ಬೆವರು. ಮಿಕ್ಕವರು ಬಸ್ಸು ಹತ್ತಿ ಕುಳಿತರು. ಆದರೆ ಬಸ್ಸು ಹೊರಡುವಂತಿರಲಿಲ್ಲ. ತೇಗದೆ ಇರುವ ಒಬ್ಬನೇ ಒಬ್ಬನನ್ನು ವಾಪಸ್ಸು ಕರೆತಂದರೂ ಅದು ಜಿಲ್ಲೆಯ ಲೆಕ್ಕಕ್ಕೆ ಸೇರುತ್ತಿತ್ತು. ತಿಮ್ಮಯ್ಯ ಕಿಟಕಿಯಿಂದ, "ಅವಸ್ರ ಇಲ್ಲ ಯಜಮಾನ್ರೆ, ನಿಧಾನುಕ್ಕೆ ಬರ್ಲಿ" ಅಂದ. ಬಸ್ಸಿನೊಳಗೆ ಯಾರೋ ಸಾವನದುರ್ಗದ ವೀರಭದ್ರನಿಗೆ ಹರಕೆ ಹೇಳಿಕೊಂಡರು.

"ಆಗಾಕಿಲ್ಲ ಬುಡ್ಲಾ" ಅಂದ ರಾಮಲಿಂಗಯ್ಯ. ಕಣ್ಣಲ್ಲಿ ನೀರಿತ್ತು. "ಎದೆ ಉಬ್ಬಿಸ್ದೇಟ್ಗೆ ಆ ಹಲಗೆ ಕಾಣ್ತದೆ ಕಣ್ಲಾ."

ಗೌಸ್ ಅವನ ಕೈ ಹಿಡಿದುಕೊಂಡ.

ಆಗ ಲತಾಮಣಿ ಬಸ್ಸಿನಿಂದ ಇಳಿದಳು. ರಸ್ತೆಯ ಹಿಂದೆ ಮುಂದೆ ನೋಡಿದಳು. ಗಡಿಕಲ್ಲು ಹಿಂದೆಯೇ ಉಳಿದಿದೆ ಎಂಬುದನ್ನು ಇನ್ನೊಮ್ಮೆ ಖಚಿತಪಡಿಸಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ರಾಮಲಿಂಗಯ್ಯನ ಹಿಂದೆ ನಿಂತು, ಹಸುಗೂಸಿಗೆ ತಟ್ಟುವಂತೆ, ಅವನ ಬೆನ್ನು ತಟ್ಟತೊಡಗಿದಳು.

"ಮೇಡಂ, ದುಷ್ಪ್ರೇರಣೆ..." ಅಂದ ಗೌಸ್ ಮೆಲ್ಲಗೆ.

"ನನ್ನ ವ್ಯಾಪ್ತಿ ಇಲ್ಲಿಗೆ ಬರಲ್ಲ, ಸುಮ್ಮನಿರಿ" ಎಂದು ತಟ್ಟುತ್ತಲೇ ಇದ್ದಳು.

ಮೊದಲು ಒಂದು ಸಣ್ಣ ಬಿಕ್ಕಳಿಕೆ ಬಂತು. ಆಮೇಲೆ ರಾಮಲಿಂಗಯ್ಯನ ಕಣ್ಣು ತಾನಾಗಿ ಮುಚ್ಚಿತು. ಎದೆ ಏರಿತು, ಏರಿತು, ಇನ್ನೂ ಏರಿತು. ತಿಂಗಳುಗಟ್ಟಲೆ ಕೂಡಿಟ್ಟಿದ್ದು ಒಂದೇ ಸಲಕ್ಕೆ ಹೊರಟಿತು. ಶಾಮಿಯಾನದ ಒಂದು ಗೂಟ ಕಿತ್ತುಬಂತೆಂದು ಹೇಳುವವರಿದ್ದಾರೆ. ಅದು ಗಾಳಿಗೆ ಕಿತ್ತದ್ದಿರಬಹುದು. ಬಸ್ಸಿನಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದ ಜಿಲ್ಲೆಯ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದವರು, ಇದನ್ನು ಒಬ್ಬರದೆಂದು ಬರೆದುಕೊಳ್ಳಲೋ ಇಡೀ ಹೋಬಳಿಯದೆಂದು ಬರೆದುಕೊಳ್ಳಲೋ ಎಂದು ನಟರಾಜು ಅವರಿಗೆ ಫೋನು ಮಾಡಿ ಕೇಳಿದರು.

ಗೌಸ್ ಶರ್ಟಿನ ತೋಳಿನಿಂದ ಕಣ್ಣೊರೆಸಿಕೊಂಡ.

ಆ ವರ್ಷ ರಾಮನಗರವು ಸೋರಿಕೆಮುಕ್ತ ಜಿಲ್ಲೆಯೆಂದು ಬಹುಮಾನ ಪಡೆಯಿತು. ಗೂಡಿನ ಮಾರುಕಟ್ಟೆಯ ಹಲಗೆಯಿಂದ ರಾಮಲಿಂಗಯ್ಯನ ಹೆಸರನ್ನು ಅಳಿಸಿ, ಅದರಲ್ಲಿ ಬಸ್ಸಿನ ವೇಳಾಪಟ್ಟಿ ಬರೆಯಲಾಯಿತು. ಪಕ್ಕದ ಜಿಲ್ಲೆಯಲ್ಲಿ ಎರಡು ಗೋಪುರಗಳಿಗೆ ಅಡಿಗಲ್ಲು ಬಿತ್ತು. ಅವರ ಜನ ಅವರ ಸೋಡಾ ಕುಡಿದು ತೇಗಲು ಎಲ್ಲಿಗೆ ಹೋಗಬೇಕೆಂಬುದು ಎರಡನೆಯ ಹಂತದಲ್ಲಿದೆಯಂತೆ. ಮಂಗರದೊಡ್ಡಿಯ ಹೊಟ್ಟು ಉರಿಯುತ್ತಲೇ ಇದೆ.

ಅವತ್ತು ಬಸ್ಸು ತಿರುಗಿ ಚನ್ನಪಟ್ಟಣದ ದಾರಿ ಹಿಡಿದಾಗ ರಾಮಲಿಂಗಯ್ಯ ಗೌಸ್‌ನ ಪಕ್ಕದಲ್ಲೇ ಬಂದು ಕುಳಿತ. ಹೊಟ್ಟೆಯ ಮೇಲೆ ಕೈಯಾಡಿಸುತ್ತ ಕಿಟಕಿಯಾಚೆ ನೋಡುತ್ತಿದ್ದವನು, ಅಂಗಡಿ ಹತ್ತಿರ ಬಂದಾಗ ಮೊಣಕೈಯಿಂದ ಗೌಸ್‌ನನ್ನು ತಿವಿದ.

"ನಾಳೀಕೆ ಎಷ್ಟೊತ್ಗೆ ಹೊಲ್ಡ್ತದ್ಲಾ ಬಸ್ಸು?"

"ಊಟದ ಮ್ಯಾಕೆ ಕಣಣ್ಣ."

"ಕಿಟಕಿ ತಾವ ಸೀಟ್ ಹಿಡ್ದಿರು" ಅಂದ ರಾಮಲಿಂಗಯ್ಯ. "ಮಾಯಮ್ಮನ್ನೂ ಕರ್ಕಬತ್ತೀನಿ."